ಸೆಕೆಂಡ್ ಹ್ಯಾಂಡ್ ಕಾರಿನ ರಿಮೋಟ್ ಕೀ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುವ ನನ್ನ ಬಳಿ ರಿಮೋಟ್ ಕೀ ಹಿಡಿದು ಬರುವವರಲ್ಲಿ ಹೆಚ್ಚಿನವರು ಹಳೆಯ ಕಾರು ಕೊಂಡವರು. ಹೊಸ ಕಾರಿನವರಿಗೆ ವಾರಂಟಿ ಇರುತ್ತದೆ, ಎರಡು ಕೀ ಇರುತ್ತವೆ. ಹಳೆಯ ಕಾರು ಕೊಂಡವರ ಪಾಲಿಗೆ ಬಹಳ ಸಲ ಬರುವುದು ಗುಂಡಿ ಸವೆದ ಒಂದೇ ಒಂದು ಕೀ. ಅದು ಕೈಕೊಟ್ಟ ಕೂಡಲೇ ಸಾವಿರಗಟ್ಟಲೆ ಕೊಟ್ಟು ಹೊಸ ಕೀ ಮಾಡಿಸುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ, ಏಕೆಂದರೆ ತಪ್ಪು ಎಷ್ಟೋ ಸಲ ಕೀಯದ್ದಾಗಿರುವುದಿಲ್ಲ. ಅಂಗಡಿಗೆ ಬಂದವರು, ಫೋನ್ ಮಾಡಿದವರು, ವಾಟ್ಸ್‌ಆ್ಯಪ್‌ನಲ್ಲಿ ಬರೆದವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ನನ್ನದು ರಿಮೋಟ್ ಕೀಯೋ ಸ್ಮಾರ್ಟ್ ಕೀಯೋ? ಎರಡೂ ಒಂದೇ ಅಲ್ಲವೇ?

ಒಂದೇ ಅಲ್ಲ. ಗುಂಡಿ ಒತ್ತಿ ಬಾಗಿಲು ತೆರೆದು, ಆಮೇಲೆ ಕೀಯನ್ನು ತೂರಿಸಿ ತಿರುಗಿಸಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದರೆ ಅದು ರಿಮೋಟ್ ಕೀ. ಕೀ ಜೇಬಿನಲ್ಲೇ ಇದ್ದು, ಹ್ಯಾಂಡಲ್ ಮೇಲಿನ ಗುಂಡಿಯಿಂದ ಬಾಗಿಲು ತೆರೆದು, ಬಟನ್ ಒತ್ತಿ ಸ್ಟಾರ್ಟ್ ಮಾಡುತ್ತಿದ್ದರೆ ಅದು ಸ್ಮಾರ್ಟ್ ಕೀ.

ನಮ್ಮ ಕಡೆ ಮೂರನೆಯದೂ ಧಾರಾಳವಾಗಿದೆ. ಕಂಪನಿಯಿಂದ ಸೆಂಟ್ರಲ್ ಲಾಕ್ (ಎಲ್ಲ ಬಾಗಿಲು ಒಟ್ಟಿಗೆ ಲಾಕ್ ಆಗುವ ವ್ಯವಸ್ಥೆ) ಇಲ್ಲದೆ ಬಂದ ಕಡಿಮೆ ಬೆಲೆಯ ಮಾದರಿಗಳಿಗೆ ಹೊರಗಿನ ಅಂಗಡಿಯಲ್ಲಿ ಲಾಕ್ ಕಿಟ್ ಹಾಕಿಸಿರುತ್ತಾರೆ. ಕಂಪನಿಯ ಕೀ ಬೇರೆ, ಅದರ ರಿಂಗ್‌ಗೆ ತೂಗುಬಿಟ್ಟ ಪುಟ್ಟ ರಿಮೋಟ್ ಬೇರೆ. ಇಂಥ ಕಾರಿಗೆ ಶೋರೂಮಿನಲ್ಲಿ ಉತ್ತರ ಸಿಗುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಕಟ್ಟಿರುವ ಕಪ್ಪು ಡಬ್ಬಿಯೇ ಅದರ ಮಿದುಳು, ಅದನ್ನು ಕಾರ್ ಅಲಂಕಾರ ಸಾಮಗ್ರಿಯ ಅಂಗಡಿಯವರು ಅಥವಾ ವೈರಿಂಗ್ ಕೆಲಸದವರು ನೋಡಬೇಕು. ಸಮಾಧಾನದ ಸಂಗತಿ ಎಂದರೆ ಇದರ ರಿಮೋಟ್ ಅಗ್ಗ. ತೀರಾ ಹಾಳಾದರೆ ಕಿಟ್ಟನ್ನೇ ಬದಲಿಸಿದರೂ ಕಂಪನಿಯ ಒಂದು ಸ್ಮಾರ್ಟ್ ಕೀಯಷ್ಟು ಖರ್ಚಾಗುವುದಿಲ್ಲ.

ರಿಮೋಟ್ ಒತ್ತಿದರೆ ಬಾಗಿಲು ತೆರೆಯುವುದಿಲ್ಲ, ಆದರೆ ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಇದು ಹೇಗೆ?

ಒಂದೇ ಕವಚದೊಳಗೆ ಎರಡು ಬೇರೆ ಬೇರೆ ಸಾಧನಗಳಿವೆ. ಗುಂಡಿ ಒತ್ತಿದಾಗ ರೇಡಿಯೋ ಸಂಕೇತ ಕಳಿಸುವುದು ಒಂದು. ಭಾರತದ ಬಹುತೇಕ ಕಾರುಗಳಲ್ಲಿ ಅದು 433.92 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಸೆಲ್ ಬೇಕು. ಇನ್ನೊಂದು ಇಮೊಬಿಲೈಸರ್ ಚಿಪ್, ಅಂದರೆ ತನ್ನ ಗುರುತು ಸಿಗದೆ ಇಂಜಿನ್ ಸ್ಟಾರ್ಟ್ ಆಗದಂತೆ ಕಾಯುವ ಚಿಪ್. ಕೀ ತೂರಿಸುವ ಜಾಗದ ಸುತ್ತ ತಾಮ್ರದ ಸುರುಳಿಯ ಒಂದು ಬಳೆ ಇರುತ್ತದೆ. ಅದರ ಕಾಂತಕ್ಷೇತ್ರದಿಂದಲೇ ಚಿಪ್ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಅದಕ್ಕೆ ಸೆಲ್ಲಿನ ಹಂಗಿಲ್ಲ.

ಆದ್ದರಿಂದ ಸ್ಟಾರ್ಟ್ ಆಗುತ್ತಿದ್ದರೆ ಚಿಪ್ ಸರಿಯಿದೆ, ಸೆಲ್, ಗುಂಡಿ ಅಥವಾ ಕಾರಿನ ಲಾಕ್ ವ್ಯವಸ್ಥೆಯ ಕಡೆ ನೋಡಿ. ಬಾಗಿಲು ತೆರೆದು ಸ್ಟಾರ್ಟ್ ಆಗದೆ, ಮೀಟರಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಚಿಪ್ಪಿನ ಕಡೆ ಅನುಮಾನ ಪಡಿ.

ಸೆಲ್ ಮುಗಿದಿದೆಯೋ ರಿಮೋಟೇ ಕೆಟ್ಟಿದೆಯೋ ಮನೆಯಲ್ಲೇ ತಿಳಿಯಬಹುದೇ?

ಬಹುಮಟ್ಟಿಗೆ ತಿಳಿಯಬಹುದು. ಸೆಲ್ ಸಾಮಾನ್ಯವಾಗಿ ಒಮ್ಮೆಲೇ ಸಾಯುವುದಿಲ್ಲ. ಮೊದಲು ಮನೆಯ ಬಾಗಿಲಲ್ಲಿ ನಿಂತು ಒತ್ತಿದರೆ ಕೇಳುತ್ತಿದ್ದ ಕಾರು, ಆಮೇಲೆ ಹತ್ತಿರ ಹೋದರೆ ಮಾತ್ರ ಕೇಳುತ್ತದೆ, ಕೊನೆಗೆ ಗಾಜಿಗೆ ಹಿಡಿದು ಒತ್ತಬೇಕಾಗುತ್ತದೆ. ಹೀಗೆ ದೂರ ಕುಗ್ಗುತ್ತಾ ಬಂದಿದ್ದರೆ ಸೆಲ್ಲೇ ಕಾರಣ ಎನ್ನಬಹುದು. ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇಂದು ಪೂರ್ತಿ ನಿಂತಿದ್ದರೆ, ಕೀ ಕೆಳಗೆ ಬಿದ್ದಿತ್ತೇ, ಒದ್ದೆಯಾಗಿತ್ತೇ ಎಂದು ನೆನಪಿಸಿಕೊಳ್ಳಿ.

ಮಲ್ಟಿಮೀಟರ್ ಇದ್ದರೆ ಸೆಲ್ ತೆಗೆದು ಅಳೆಯಿರಿ. ಹೊಸ ಸೆಲ್ 3 ವೋಲ್ಟ್‌ಗಿಂತ ತುಸು ಮೇಲೆಯೇ ತೋರಿಸುತ್ತದೆ. 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಆದರೆ 3 ತೋರಿಸಿತೆಂದು ಪೂರ್ತಿ ನಂಬಬೇಡಿ. ದಣಿದ ಸೆಲ್ ಸುಮ್ಮನಿದ್ದಾಗ ವೋಲ್ಟೇಜ್ ತೋರಿಸಿ, ಗುಂಡಿ ಒತ್ತಿದ ಕ್ಷಣ ಕುಸಿಯುತ್ತದೆ. ಅನುಮಾನವಿದ್ದರೆ ಹೊಸ ಸೆಲ್ ಹಾಕಿ ನೋಡುವುದೇ ನೇರ ದಾರಿ.

ಮೊಬೈಲ್ ಕ್ಯಾಮೆರಾ ಮುಂದೆ ರಿಮೋಟ್ ಒತ್ತಿ ಬೆಳಕು ಬರುತ್ತದೆಯೇ ನೋಡಿ ಎಂದು ಯಾರಾದರೂ ಹೇಳಿದರೆ ಬಿಟ್ಟುಬಿಡಿ. ಅದು ಟಿವಿ ರಿಮೋಟಿನ ಪರೀಕ್ಷೆ. ಕಾರಿನ ರಿಮೋಟ್ ಕಳಿಸುವುದು ರೇಡಿಯೋ ಅಲೆ, ಅದು ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಕೀ ಮಾಡುವವರ ಹತ್ತಿರ ಫ್ರೀಕ್ವೆನ್ಸಿ ಪರೀಕ್ಷಿಸುವ ಚಿಕ್ಕ ಯಂತ್ರವಿರುತ್ತದೆ, ಸಂಕೇತ ಹೊರಡುತ್ತಿದೆಯೇ ಎಂಬುದನ್ನು ಅದು ಕೂಡಲೇ ಹೇಳುತ್ತದೆ.

ಅಂಗಡಿಯವರು ಯಾವ ಬಟನ್ ಸೆಲ್ ಆದರೂ ನಡೆಯುತ್ತದೆ ಎನ್ನುತ್ತಾರೆ. ಹೌದೇ?

ನಡೆಯುವುದಿಲ್ಲ. ಸೆಲ್ಲಿನ ಮೇಲಿರುವ ಸಂಖ್ಯೆಯೇ ಅದರ ಅಳತೆ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ದಪ್ಪ ಮಾತ್ರ 2.5. ಸಿಆರ್1620 ಎಂದರೆ 16 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ. ಎಲ್ಲವೂ 3 ವೋಲ್ಟಿನವೇ, ಹಾಗಾಗಿಯೇ ಈ ಗೊಂದಲ. 2032 ಇರಬೇಕಾದ ಕಡೆ 2025 ಹಾಕಿದರೆ ಮೇಜಿನ ಮೇಲೆ ಕೆಲಸ ಮಾಡುತ್ತದೆ. ರಸ್ತೆಯ ಗುಂಡಿಗಳಲ್ಲಿ ಅಲುಗಾಡಿ ಸಂಪರ್ಕ ತಪ್ಪುತ್ತದೆ. ತಗಡನ್ನು ಬಗ್ಗಿಸಿ, ಕಾಗದ ತುರುಕಿ ಹೊಂದಿಸಿದ ಕೀಗಳು ನನ್ನ ಬಳಿ ಬರುತ್ತಲೇ ಇರುತ್ತವೆ.

ಹಳೆಯ ಸೆಲ್ಲಿನ ಮೇಲಿರುವ ಸಂಖ್ಯೆಯನ್ನೇ ಕೇಳಿ ಪಡೆಯಿರಿ. ಹಿಂದಿನ ಮಾಲೀಕರು ತಪ್ಪು ಸೆಲ್ ಹಾಕಿರುವ ಸಾಧ್ಯತೆಯೂ ಇರುವುದರಿಂದ ಕೀಯ ಒಳಭಾಗದಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಬರೆದಿರುವುದನ್ನೂ ನೋಡಿ. ಡಬ್ಬಿಯಲ್ಲಿ ಬಿಡಿಯಾಗಿ ಹರಡಿಟ್ಟ ಸೆಲ್ ಬೇಡ, ಸೀಲ್ ಇರುವ ಪ್ಯಾಕೆಟ್ಟಿನದು ಇರಲಿ. ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲೆಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪ ಹಚ್ಚುತ್ತವೆ. ಒಳ್ಳೆಯ ಉದ್ದೇಶವೇ, ಆದರೆ ಆ ಲೇಪ ಕೆಲವು ರಿಮೋಟ್‌ಗಳಲ್ಲಿ ಸಂಪರ್ಕಕ್ಕೆ ಅಡ್ಡ ಬರುತ್ತದೆ. ಹೊಸ ಸೆಲ್ ಹಾಕಿದರೂ ಕೆಲಸ ಮಾಡದಿದ್ದರೆ ಲೇಪವಿಲ್ಲದ ಸೆಲ್ ಒಂದನ್ನು ಹಾಕಿ ನೋಡಿ.

ಸೆಲ್ ತೆಗೆದರೆ ಕೋಡ್ ಅಳಿಸಿಹೋಗುತ್ತದೆ ಎಂದು ಹೆದರಿಕೆ.

ಹೆದರಬೇಡಿ. ಕೋಡ್ ಉಳಿಯುವುದು ವಿದ್ಯುತ್ ಇಲ್ಲದಿದ್ದರೂ ಅಳಿಯದ ಸ್ಮೃತಿಯಲ್ಲಿ. ಅಪರೂಪಕ್ಕೆ ಕೆಲವು ಕಾರುಗಳಲ್ಲಿ ಮರುಹೊಂದಾಣಿಕೆ ಬೇಕಾದೀತು, ಅದರ ವಿವರ ಮುಂದಿದೆ.

ಹೆಚ್ಚು ಕೀ ಹಾಳಾಗುವುದು ತೆರೆಯುವ ರಭಸದಲ್ಲಿ. ಸ್ಕ್ರೂಡ್ರೈವರ್ ಚುಚ್ಚಿ ಮೀಟಬೇಡಿ. ಕವಚದ ಅಂಚಿನಲ್ಲಿ ಇದಕ್ಕೆಂದೇ ಒಂದು ಕಚ್ಚು ಇರುತ್ತದೆ. ನಾಣ್ಯಕ್ಕೆ ತೆಳು ಬಟ್ಟೆ ಸುತ್ತಿ ಅಲ್ಲಿಟ್ಟು ತಿರುಗಿಸಿದರೆ ಸದ್ದಿಲ್ಲದೆ ಬಿಡುತ್ತದೆ. ತೆರೆದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಪ್ಲಸ್ ಗುರುತು ಮೇಲಿತ್ತೋ ಕೆಳಗಿತ್ತೋ ಎಂಬ ಪರದಾಟ ತಪ್ಪುತ್ತದೆ. ಸೆಲ್ಲಿನ ಪಕ್ಕದ ಎರಡು ತಗಡಿನ ನಾಲಿಗೆಗಳನ್ನು ಗಮನಿಸಿ. ಅವು ತುಸು ಮೇಲಕ್ಕೆ ಚಿಮ್ಮಿಕೊಂಡಿರಬೇಕು. ಚಪ್ಪಟೆಯಾಗಿದ್ದರೆ ಉಗುರಿನ ತುದಿಯಿಂದ ಕೂದಲೆಳೆಯಷ್ಟು ಎತ್ತಿ, ಹಸಿರು ಕಿಲುಬು ಕಂಡರೆ ಒಣ ಬಟ್ಟೆಯಿಂದ ಒರೆಸಿ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿಯಿರಿ. ಬೆವರಿದ ಬೆರಳಿನ ಜಿಡ್ಡು ಸೆಲ್ಲಿನ ಮುಖದ ಮೇಲೆ ಬೇಡ.

ಮನೆಯಲ್ಲಿ ಎರಡು ವರ್ಷದ ಮಗುವಿದೆ. ತೆಗೆದ ಹಳೆಯ ಸೆಲ್ ಏನು ಮಾಡಲಿ?

ಎರಡೂ ಬದಿಗೆ ಟೇಪ್ ಅಂಟಿಸಿ, ಮಗುವಿನ ಕೈಗೆಟುಕದ ಕಡೆ ಇಟ್ಟು, ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ರಿಮೋಟ್ ನಡೆಸಲಾಗದಷ್ಟು ದಣಿದ ಸೆಲ್ಲೂ ಮಗುವಿನ ಗಂಟಲನ್ನು ಸುಡಬಲ್ಲದು. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾದ ಗಾಯ ಮಾಡುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗಬೇಡಿ, ಮಲದಲ್ಲಿ ಹೋದೀತೆಂದು ಕಾಯಬೇಡಿ. ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

## ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ

ಅಣ್ಣಾ, ಸಿಂಧನೂರಿನಲ್ಲಿ ನಿಂತಿದ್ದೇನೆ. ಸ್ಮಾರ್ಟ್ ಕೀ ಸತ್ತಿದೆ, ಬಾಗಿಲಿಗೆ ಕೀ ಹಾಕುವ ತೂತೇ ಇಲ್ಲ!

ಇದೆ, ಮುಚ್ಚಿದ್ದಾರೆ. ಮೊದಲು ಕೀಯ ಬದಿಯಲ್ಲಿ ಅಥವಾ ಹಿಂಬದಿಯಲ್ಲಿ ಒಂದು ಚಿಕ್ಕ ಕೊಂಡಿ ಹುಡುಕಿ. ಅದನ್ನು ಸರಿಸಿ ಎಳೆದರೆ ಲೋಹದ ಕೀ ಹೊರಬರುತ್ತದೆ. ಚಾಲಕನ ಬಾಗಿಲ ಹ್ಯಾಂಡಲ್ ಹಿಂದೆ ಕೀ ತೂತು ಕಾಣದಿದ್ದರೆ, ಹ್ಯಾಂಡಲ್ ಪಕ್ಕದ ಬಣ್ಣದ ಪ್ಲಾಸ್ಟಿಕ್ ಮುಚ್ಚಳದ ಕೆಳ ಅಂಚನ್ನು ಬೆರಳಿನಿಂದ ತಡವಿ. ಅಲ್ಲೊಂದು ಸಣ್ಣ ಸೀಳು ಸಿಗುತ್ತದೆ. ಹ್ಯಾಂಡಲ್ ಎಳೆದು ಹಿಡಿದು, ಆ ಸೀಳಿಗೆ ಕೀ ತುದಿ ಇಟ್ಟು ಮೆಲ್ಲಗೆ ಮೀಟಿದರೆ ಮುಚ್ಚಳ ಬಿಡುತ್ತದೆ, ತೂತು ಅದರ ಕೆಳಗಿರುತ್ತದೆ.

ಬಾಗಿಲು ತೆರೆದಾಗ ಅಲಾರಾಂ ಕೂಗಬಹುದು. ಗಾಬರಿಯಾಗಬೇಡಿ, ಸ್ಟಾರ್ಟ್ ಆದ ಮೇಲೆ ನಿಲ್ಲುತ್ತದೆ. ಕಾರು ಕೊಂಡ ವಾರವೇ ಮನೆಯ ಮುಂದೆ ಒಮ್ಮೆ ಇದನ್ನು ಮಾಡಿ ನೋಡಿಟ್ಟುಕೊಳ್ಳಿ. ವರ್ಷಗಟ್ಟಲೆ ಕೀ ಹಾಕದ ಬೀಗ ಕೆಂಪು ದೂಳಿಗೆ ಬಿಗಿದುಕೊಂಡಿರುತ್ತದೆ. ಗ್ರಾಫೈಟ್ ಪುಡಿ ಬಿಟ್ಟು ಸಡಿಲ ಮಾಡಿಟ್ಟುಕೊಂಡರೆ ರಾತ್ರಿ ಹೊತ್ತು ಪರದಾಡಬೇಕಾಗಿಲ್ಲ.

ಒಳಗೇನೋ ಕೂತೆ. ಕೀ ಇಲ್ಲ ಎಂದು ಪರದೆಯಲ್ಲಿ ತೋರಿಸುತ್ತಿದೆ, ಕೀ ಕೈಯಲ್ಲೇ ಇದೆ.

ಸೆಲ್ ಸತ್ತ ಸ್ಮಾರ್ಟ್ ಕೀಯಲ್ಲೂ ಸೆಲ್ ಬೇಡದ ಚಿಪ್ ಜೀವಂತವಾಗಿರುತ್ತದೆ. ಅದನ್ನು ಓದುವ ಜಾಗ ಎಲ್ಲಿದೆ ಎಂಬುದಷ್ಟೇ ಪ್ರಶ್ನೆ. ಬಹಳಷ್ಟು ಕಾರುಗಳಲ್ಲಿ ಅದು ಸ್ಟಾರ್ಟ್ ಬಟನ್ನೇ. ಬ್ರೇಕ್ ಒತ್ತಿ ಹಿಡಿಯಿರಿ, ಗೇರ್ ಕೈಯಿಂದ ಹಾಕುವ ಗಾಡಿಯಾದರೆ ಕ್ಲಚ್ ಕೂಡ. ಕೀಯನ್ನು ಬಟನ್‌ಗೆ ತಾಗಿಸಿ, ಕೀಯಿಂದಲೇ ಬಟನ್ ಒತ್ತಿ. ಆಗದಿದ್ದರೆ ಕೀಯ ಇನ್ನೊಂದು ತುದಿಯನ್ನು ತಾಗಿಸಿ ನೋಡಿ. ಕೆಲವು ಕಾರುಗಳಲ್ಲಿ ಕಪ್ ಇಡುವ ಜಾಗದಲ್ಲೋ ಕೈ ಇಡುವ ಪೆಟ್ಟಿಗೆಯೊಳಗೋ ಕೀ ಚಿತ್ರವಿರುವ ಗುಳಿ ಇರುತ್ತದೆ, ಅಲ್ಲಿಟ್ಟು ಬಟನ್ ಒತ್ತಬೇಕು.

ಇಷ್ಟು ಗೊತ್ತಿದ್ದರೆ ಟೋಯಿಂಗ್ ಗಾಡಿಗೆ ದುಡ್ಡು ಕೊಡುವ ಪ್ರಮೇಯ ಬರುವುದಿಲ್ಲ. ಆದರೆ ಸ್ಟಾರ್ಟ್ ಆದ ಮೇಲೆ ನೇರ ಸೆಲ್ ಸಿಗುವ ಅಂಗಡಿಗೆ ಹೋಗಿ. ನಡುವೆ ಚಹಾಕ್ಕೆಂದು ನಿಲ್ಲಿಸಿದರೆ ಇದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಕೀ ಒಳಗೆ, ಮಗು ಒಳಗೆ, ಬಾಗಿಲು ಲಾಕ್. ಯಾರಿಗೆ ಫೋನ್ ಮಾಡಲಿ?

ಇನ್ನೊಂದು ಕೀ ಪಕ್ಕದ ಮನೆಯಷ್ಟು ಹತ್ತಿರದಲ್ಲಿದ್ದರೆ ತರಿಸಿ. ಇಲ್ಲದಿದ್ದರೆ ಗಾಜು ಒಡೆಯಿರಿ. ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗಿನ ಬಿಸಿ ನಿಮಿಷಗಳಲ್ಲಿ ಏರುತ್ತದೆ, ಮಗುವಿನ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಮಗುವಿನಿಂದ ದೂರವಿರುವ ಬದಿಯ ಬಾಗಿಲ ಗಾಜಿನ ಮೂಲೆಗೆ, ನಡುವಿಗಲ್ಲ, ಸ್ಪ್ಯಾನರ್ ಅಥವಾ ಚೂಪು ಕಲ್ಲಿನಿಂದ ಹೊಡೆಯಿರಿ. ಮುಂಭಾಗದ ದೊಡ್ಡ ಗಾಜಿಗೆ ಹೊಡೆದು ಹೊತ್ತು ಕಳೆಯಬೇಡಿ, ಅದು ಪದರದ ಗಾಜು, ಸುಲಭಕ್ಕೆ ಬಿಡುವುದಿಲ್ಲ. ಪಕ್ಕದಲ್ಲಿರುವವರಿಗೆ 112ಕ್ಕೆ ಕರೆ ಮಾಡಲು ಹೇಳಿ. ಗಾಜು ಹೊಸದು ಹಾಕಿಸಬಹುದು.

## ತಪ್ಪು ಕೀಯದ್ದಲ್ಲದಿದ್ದಾಗ

ಹೊಸ ಸೆಲ್ ಹಾಕಿಸಿದೆ. ಆದರೂ ಕಾರು ಮಿಸುಕಾಡುತ್ತಿಲ್ಲ, ಇಂಡಿಕೇಟರ್ ಕೂಡ ಮಿನುಗುವುದಿಲ್ಲ.

ಕಾರಿನ ದೊಡ್ಡ ಬ್ಯಾಟರಿ ನೋಡಿ. ಸಂಕೇತ ಕೇಳಿಸಿಕೊಂಡು ಲಾಕ್ ಎಳೆಯುವ ಶಕ್ತಿ ಅದರದ್ದು. ಲೋಹದ ಕೀಯಿಂದ ಬಾಗಿಲು ತೆರೆದಾಗ ಒಳಗಿನ ದೀಪ ಮಂಕಾಗಿದೆಯೇ, ಹಾರನ್ ಸಣ್ಣ ದನಿಯಲ್ಲಿ ನರಳುತ್ತದೆಯೇ? ಹಾಗಿದ್ದರೆ ಉತ್ತರ ಸಿಕ್ಕಿತು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಹತ್ತಿರ ಇದ್ದರೆ ಪೂರ್ಣ ಚಾರ್ಜ್, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಇಂಜಿನ್ ಓಡುತ್ತಿರುವಾಗ 14ರ ಆಸುಪಾಸು ಇರಬೇಕು. ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ಗಮನ ಹರಿಸಿ.

ಬ್ಯಾಟರಿಯನ್ನು ಚಳಿಗಿಂತ ಹೆಚ್ಚು ಸವೆಸುವುದು ಬಿಸಿಲು. ರಾಯಚೂರಿನ ಬೇಸಿಗೆಯಲ್ಲಿ ಮರದ ನೆರಳಿಲ್ಲದೆ ನಿಲ್ಲುವ ಗಾಡಿಯ ಬ್ಯಾಟರಿಗೆ ಕಂಪನಿ ಹೇಳಿದಷ್ಟು ಆಯಸ್ಸು ನಿರೀಕ್ಷಿಸಬೇಡಿ. ಬ್ಯಾಟರಿ ಚೆನ್ನಾಗಿದ್ದರೆ ಸೆಂಟ್ರಲ್ ಲಾಕ್‌ನ ಫ್ಯೂಸ್ ನೋಡಿ. ಒಳಗಿನ ಲಾಕ್ ಸ್ವಿಚ್ ಒತ್ತಿದಾಗಲೂ ಬಾಗಿಲುಗಳು ಸದ್ದು ಮಾಡದಿದ್ದರೆ ಕೀಗೂ ಈ ತೊಂದರೆಗೂ ಸಂಬಂಧವಿಲ್ಲ.

ಬಟನ್ ಒತ್ತಿದರೆ ಮೀಟರ್ ದೀಪಗಳೆಲ್ಲ ಬರುತ್ತವೆ, ಇಂಜಿನ್ ತಿರುಗುವುದಿಲ್ಲ. ಸ್ಮಾರ್ಟ್ ಕೀ ಬದಲಿಸಬೇಕು ಎಂದಿದ್ದಾರೆ.

ದುಡ್ಡು ಕೊಡುವ ಮೊದಲು ಒಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ಬ್ರೇಕ್ ದೀಪ ಹೊತ್ತುತ್ತದೆಯೇ ಕೇಳಿ. ಹೊತ್ತದಿದ್ದರೆ ಪೆಡಲ್ ಮೇಲಿನ ಚಿಕ್ಕ ಸ್ವಿಚ್ ಕೆಟ್ಟಿದೆ ಅಥವಾ ಅದರ ಫ್ಯೂಸ್ ಹೋಗಿದೆ. ನೀವು ಬ್ರೇಕ್ ಒತ್ತಿರುವುದು ಕಾರಿಗೆ ತಿಳಿಯದೆ ಅದು ಬರೀ ದೀಪ ಹಚ್ಚಿ ಸುಮ್ಮನಾಗುತ್ತದೆ. ಕ್ಲಚ್ ಇರುವ ಗಾಡಿಗಳಲ್ಲಿ ಕ್ಲಚ್ ಪೆಡಲ್ ಸ್ವಿಚ್ಚಿನದೂ ಇದೇ ಕಥೆ. ಕೀ ಬದಲಿಸಿ ಎಂಬ ಸಲಹೆ ಪಡೆದು ಬಂದವರ ಗಾಡಿಗಳಲ್ಲಿ ಈ ಸ್ವಿಚ್ ನನ್ನ ಕೈಗೆ ಮತ್ತೆ ಮತ್ತೆ ಸಿಕ್ಕಿದೆ. ಕೀ ಇಲ್ಲ ಎಂಬ ಸೂಚನೆಯೇ ಬರದಿರುವಾಗ ಕೀಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಸ್ಟೇರಿಂಗ್ ಬಿಗಿದುಕೊಂಡಿದ್ದರೂ ಹೀಗಾಗುತ್ತದೆ. ಅದನ್ನು ಎಡಕ್ಕೂ ಬಲಕ್ಕೂ ಅಲುಗಿಸುತ್ತಾ ಬಟನ್ ಒತ್ತಿ.

ಲಾಕ್ ಒತ್ತಿದರೆ ಬೀಪ್ ಎಂದು ಮತ್ತೆ ತೆರೆದುಕೊಳ್ಳುತ್ತದೆ. ದೆವ್ವ ಹಿಡಿದಂತಿದೆ ಸರ್.

ಯಾವುದೋ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದು ಕಾರು ತಿಳಿದಿದೆ. ಐದೂ ಬಾಗಿಲು, ಮುಖ್ಯವಾಗಿ ಡಿಕ್ಕಿ, ಮತ್ತೊಮ್ಮೆ ಹಾಕಿ ನೋಡಿ. ಸ್ಮಾರ್ಟ್ ಕೀ ಕಾರಾದರೆ ಇನ್ನೊಂದು ಕೀ ಒಳಗೇ ಉಳಿದಿದೆಯೇ ಹುಡುಕಿ. ಯಜಮಾನರ ಕೀ ಜೇಬಿನಲ್ಲಿ, ಅಮ್ಮನವರ ಕೀ ಸೀಟಿನ ಮೇಲಿನ ಚೀಲದಲ್ಲಿ ಇದ್ದಾಗ ಕಾರು ಲಾಕ್ ಆಗದಿರುವುದು ಸರಿಯಾದ ನಡೆಯೇ.

ಬಾಗಿಲೆಲ್ಲ ಸರಿಯಾಗಿದ್ದೂ ಹೀಗಾದರೆ ಬಾಗಿಲನ್ನು ಕಚ್ಚಿ ಹಿಡಿಯುವ ಲ್ಯಾಚ್ ಒಳಗಿನ ಸಣ್ಣ ಸ್ವಿಚ್ ನೋಡಬೇಕು. ಸಂಡೂರು ಕಡೆ ಓಡಾಡುವ ಗಾಡಿಗಳ ಲ್ಯಾಚ್ ಬಿಚ್ಚಿದರೆ ಗ್ರೀಸ್ ಮತ್ತು ಅದಿರಿನ ದೂಳು ಸೇರಿ ಇಟ್ಟಿಗೆ ಬಣ್ಣದ ಅಂಟು ಕಟ್ಟಿರುತ್ತದೆ. ಸ್ವಿಚ್ಚಿನ ಮೊನೆ ಅದರಲ್ಲಿ ಹೂತು ಒಳಗೇ ನಿಂತಿರುತ್ತದೆ. ತೊಳೆದು ಹೊಸ ಗ್ರೀಸ್ ಹಚ್ಚಿದರೆ ಬಹಳ ಸಲ ಅದೇ ಲ್ಯಾಚ್ ನಡೆಯುತ್ತದೆ. ಮೂರು ಬಾಗಿಲು ಕೇಳಿ ಒಂದು ಮಾತ್ರ ಕೇಳದಿದ್ದರೆ ಆ ಬಾಗಿಲಿನ ಮೋಟಾರ್ ದುರ್ಬಲವಾಗಿದೆ, ಇಲ್ಲವೇ ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯೊಳಗೆ ತಂತಿ ತುಂಡಾಗಿದೆ.

ಕಾರ್ಖಾನೆಯ ಪಾರ್ಕಿಂಗ್‌ನಲ್ಲಿ ಮಾತ್ರ ರಿಮೋಟ್ ಕೆಲಸ ಮಾಡುವುದಿಲ್ಲ, ಊರಿಗೆ ಬಂದರೆ ಸರಿಯಾಗುತ್ತದೆ.

ತೋರಣಗಲ್ಲು, ಶಕ್ತಿನಗರ, ಗಿಣಿಗೇರಾ ಕಡೆ ಕೆಲಸಕ್ಕೆ ಹೋಗುವವರು ಇದನ್ನು ಕೇಳುತ್ತಾರೆ. ಜಾಗ ಬದಲಾದಾಗ ಸರಿಯಾಗುತ್ತದೆ ಎಂದರೆ ಕೀ ಆರೋಗ್ಯವಾಗಿದೆ. ರಿಮೋಟಿನ ಸಂಕೇತ ಬಹಳ ಕ್ಷೀಣ. ಅದೇ ಅಲೆಯ ಸುತ್ತಮುತ್ತ ಕೆಲಸ ಮಾಡುವ ಬೇರೆ ನಿಸ್ತಂತು ಸಾಧನವೊಂದು ಹತ್ತಿರವಿದ್ದರೆ ಅದರ ಗದ್ದಲದಲ್ಲಿ ನಿಮ್ಮ ಸಂಕೇತ ಕಾರಿಗೆ ಕೇಳಿಸುವುದಿಲ್ಲ. ಬೇರೆ ಸಾಲಿನಲ್ಲಿ ನಿಲ್ಲಿಸಿ ನೋಡಿ, ಬಾಗಿಲ ಹತ್ತಿರವೇ ನಿಂತು ಒತ್ತಿ.

ಗದ್ದಲ ಕಾರಿನೊಳಗಿನದೂ ಆಗಿರಬಹುದು. ಹಳೆಯ ಕಾರುಗಳಲ್ಲಿ ಹಿಂದಿನವರು ಸಿಕ್ಕಿಸಿದ ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್, ಬಣ್ಣದ ಎಲ್‌ಇಡಿ ಪಟ್ಟಿ ಇರುತ್ತವೆ. ಎಲ್ಲವನ್ನೂ ಕಿತ್ತು, ಒಂದೊಂದಾಗಿ ಹಾಕುತ್ತಾ ರಿಮೋಟ್ ಪರೀಕ್ಷಿಸಿ. ಸ್ಮಾರ್ಟ್ ಕೀಯನ್ನು ಮೊಬೈಲಿನ ಜೊತೆ ಒಂದೇ ಜೇಬಿನಲ್ಲಿ ಇಡುವುದನ್ನೂ, ನಿಸ್ತಂತು ಚಾರ್ಜರ್ ಮೇಲೆ ಇಡುವುದನ್ನೂ ಬಿಡಿ.

ಎರಡು ತಿಂಗಳಿಗೊಮ್ಮೆ ಸೆಲ್ ಮುಗಿಯುತ್ತಿದೆ.

ಕೀ ತೂಗುಹಾಕುವ ಮೊಳೆ ಕಾರು ನಿಲ್ಲುವ ಗೋಡೆಯ ಈಚೆ ಬದಿಯಲ್ಲೇ ಇದೆಯೇ? ಹಾಗಿದ್ದರೆ ಕೆಲವು ಸ್ಮಾರ್ಟ್ ಕೀಗಳು ಕಾರಿನ ಕರೆಗೆ ಉತ್ತರಿಸುತ್ತಾ ಸೆಲ್ ಖರ್ಚು ಮಾಡುತ್ತವೆ. ಒಳಕೋಣೆಗೆ ಬದಲಿಸಿ. ಟಿವಿ, ಇನ್ವರ್ಟರ್ ಪಕ್ಕವೂ ಬೇಡ. ಇದರಿಂದ ಗುಣವಾಗದಿದ್ದರೆ ಒಂದು ಗುಂಡಿ ಒಳಗೇ ಒತ್ತಿಕೊಂಡು ನಿಂತಿರಬಹುದು, ಅಥವಾ ಕೀಯೊಳಗಿನ ಸರ್ಕ್ಯೂಟ್ ಹಲಗೆ ಹಿಂದೊಮ್ಮೆ ನೆನೆದು ಒಳಗೊಳಗೇ ವಿದ್ಯುತ್ ಸೋರುತ್ತಿರಬಹುದು.

ರಾಯಚೂರು ಬಿಸಿಲಿಗೆ ಕೀ ಕೆಡುತ್ತದೆಯೇ?

ಜೇಬಿನಲ್ಲಿದ್ದರೆ ಇಲ್ಲ, ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಹೌದು. ಸಾಮಾನ್ಯ ಬಟನ್ ಸೆಲ್ಲುಗಳು 60 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವಂತೆ ಮಾಡಿದವು. ಹೊರಗೆ 40 ದಾಟಿದ ದಿನ ಗಾಜಿನಡಿಯ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ಮೀರುತ್ತದೆ. ಸೆಲ್ ಬೇಗ ಬತ್ತುತ್ತದೆ, ಗುಂಡಿಯ ರಬ್ಬರ್ ಅಂಟಂಟಾಗಿ ಬಿರಿಯುತ್ತದೆ.

ಹೊಲದ ಕಾಲುವೆಗೆ ಕೀ ಬಿತ್ತು. ಅಕ್ಕಿಯೊಳಗೆ ಹೂತಿಟ್ಟಿದ್ದೇನೆ, ಸಾಕೇ?

ಸಾಲದು. ಅಕ್ಕಿ ಹಲಗೆಯೊಳಗಿನ ನೀರನ್ನು ಎಳೆಯುವುದಿಲ್ಲ, ಹಿಟ್ಟಿನ ಪುಡಿ ಮಾತ್ರ ಸೇರುತ್ತದೆ. ಕೂಡಲೇ ತೆರೆದು ಸೆಲ್ ತೆಗೆಯಿರಿ. ಹಾನಿ ಮಾಡುವುದು ನೀರಿಗಿಂತ ಹೆಚ್ಚಾಗಿ, ನೀರಿನಲ್ಲಿ ಹರಿಯುವ ವಿದ್ಯುತ್. ಕಾಲುವೆಯ ನೀರಿನಲ್ಲಿ ಮಣ್ಣು, ಲವಣ ಇರುವುದರಿಂದ ಹಲಗೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಮೃದುವಾದ ಬ್ರಷ್‌ನಿಂದ ತೊಳೆಯಿರಿ, ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಅದು ಇರುತ್ತದೆ. ಫ್ಯಾನಿನ ಗಾಳಿಗೆ ಒಂದು ದಿನ ಒಣಗಿಸಿ, ಹೊಸ ಸೆಲ್ ಹಾಕಿ. ಬಿಸಿಲಿಗೂ ಒಲೆಯ ಬಳಿಗೂ ಒಯ್ಯಬೇಡಿ.

## ಹೊಂದಾಣಿಕೆ, ಕೋಡಿಂಗ್, ಹೊಸ ಕೀ

ಊರಿಗೆ ಹೋದಾಗ ಮಕ್ಕಳು ರಿಮೋಟ್ ಒತ್ತೊತ್ತಿ ಆಡಿದರು. ಈಗ ಕಾರು ಕೇಳುತ್ತಿಲ್ಲ.

ರಿಮೋಟ್ ಪ್ರತಿ ಸಲವೂ ಬೇರೆ ಸಂಕೇತ ಕಳಿಸುತ್ತದೆ. ಒಮ್ಮೆ ಬಳಸಿದ್ದು ಮತ್ತೆ ನಡೆಯುವುದಿಲ್ಲ, ಹಾಗಾಗಿ ಕಳ್ಳ ಅದನ್ನು ಹಿಡಿದಿಟ್ಟು ಮತ್ತೆ ಕಳಿಸಿದರೂ ಬಾಗಿಲು ತೆರೆಯುವುದಿಲ್ಲ. ರಿಮೋಟ್ ಮತ್ತು ಕಾರು ಎರಡೂ ಒಂದೇ ಎಣಿಕೆಯನ್ನು ಜೊತೆಜೊತೆಗೆ ಮುಂದುವರಿಸುತ್ತವೆ. ಕಾರು ದೂರದಲ್ಲಿದ್ದಾಗ ಒತ್ತುತ್ತಾ ಹೋದರೆ ರಿಮೋಟ್ ಎಣಿಕೆಯಲ್ಲಿ ಮುಂದೆ ಓಡುತ್ತದೆ, ಕಾರು ಹಿಂದೆ ಉಳಿಯುತ್ತದೆ. ಸ್ವಲ್ಪ ಅಂತರವನ್ನು ಕಾರು ಸಹಿಸುತ್ತದೆ. ಹಲವು ಕಾರುಗಳಲ್ಲಿ ಬಳಕೆಯಾದ ಕೀಲಾಕ್ ಎಂಬ ಸಂಕೇತ ಪದ್ಧತಿಯಲ್ಲಿ ಸಾಮಾನ್ಯವಾಗಿ 16 ಎಣಿಕೆಯೊಳಗಿದ್ದರೆ ನೇರವಾಗಿ ಒಪ್ಪುತ್ತದೆ. ಅದನ್ನು ಮೀರಿದ್ದರೆ ಒಂದರ ಹಿಂದೊಂದು ಎರಡು ಸಂಕೇತ ಸರಿಯಾದ ಕ್ರಮದಲ್ಲಿ ಬಂದಾಗ ಮತ್ತೆ ಹೊಂದಿಕೊಳ್ಳುತ್ತದೆ.

ಆದ್ದರಿಂದ ಕಾರಿನ ಪಕ್ಕ ನಿಂತು ಒಂದೇ ಗುಂಡಿಯನ್ನು ಎರಡು ಮೂರು ಸಲ ಬಿಟ್ಟು ಬಿಟ್ಟು ಒತ್ತಿ. ಬಹಳಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಲೋಹದ ಕೀಯಿಂದ ಗಾಡಿ ಸ್ಟಾರ್ಟ್ ಮಾಡಿ, ನಿಲ್ಲಿಸಿ, ಮತ್ತೆ ಪ್ರಯತ್ನಿಸಿ. ಇದಕ್ಕೂ ಮಣಿಯದಿದ್ದರೆ ಆ ಮಾದರಿಯ ಕೈಪಿಡಿಯಲ್ಲಿ ಹೇಳಿದ ಕ್ರಮವನ್ನು ಅಕ್ಷರಶಃ ಅನುಸರಿಸಿ. ಬೇರೆ ಕಾರಿನ ವಿಡಿಯೋ ನೋಡಿ ಗುಂಡಿ ಒತ್ತಾಟ ಮಾಡಬೇಡಿ.

ಕವಚ ಒಡೆದಿತ್ತು, ಹೊಸ ಶೆಲ್ ಹಾಕಿಸಿದೆ. ರಿಮೋಟ್ ಸರಿಯಿದೆ, ಗಾಡಿ ಸ್ಟಾರ್ಟ್ ಆಗುತ್ತಿಲ್ಲ!

ಹಳೆಯ ಶೆಲ್ ಎಲ್ಲಿದೆ? ಅದನ್ನು ಎಸೆಯದಂತೆ ಈಗಲೇ ಅಂಗಡಿಗೆ ಫೋನ್ ಮಾಡಿ ಹೇಳಿ. ಮಡಚುವ ಕೀಗಳ ಹಲವು ಮಾದರಿಗಳಲ್ಲಿ ಇಮೊಬಿಲೈಸರ್ ಚಿಪ್ ಹಲಗೆಯ ಮೇಲಿರುವುದಿಲ್ಲ. ಕವಚದ ಮೂಲೆಯ ಒಂದು ಗೂಡಿನಲ್ಲಿ ಬೇರೆಯಾಗಿ ಕುಳಿತಿರುತ್ತದೆ. ಬೆರಳಿನ ಉಗುರಿಗಿಂತ ಚಿಕ್ಕದಾದ ಕಪ್ಪು ತುಣುಕು, ಕೆಲವು ಕಡೆ ಗಾಜಿನ ಪುಟ್ಟ ಕೊಳವೆ. ಪ್ಲಾಸ್ಟಿಕ್ ಚೂರೆಂದು ತಿಳಿದು ಹಳೆಯ ಶೆಲ್ ಜೊತೆ ಕಸಕ್ಕೆ ಹಾಕುವವರಿದ್ದಾರೆ. ಅದನ್ನು ಹುಡುಕಿ ತೆಗೆದು ಹೊಸ ಶೆಲ್ಲಿನ ಗೂಡಿನಲ್ಲಿಟ್ಟರೆ ಕಾರು ಮೊದಲಿನಂತೆ ಸ್ಟಾರ್ಟ್ ಆಗುತ್ತದೆ. ಸುತ್ತಿಗೆಯಿಂದ ತಟ್ಟಿ, ಬಿಸಿ ಮಾಡಿ ತೆಗೆಯಬೇಡಿ, ಒಡೆದರೆ ಹೊಸ ಚಿಪ್ಪಿಗೆ ಕೋಡಿಂಗ್ ಮಾಡಿಸಲೇಬೇಕು, ಅಂದರೆ ಅದರ ಗುರುತನ್ನು ಕಾರಿಗೆ ಕಲಿಸಬೇಕು. ಶೆಲ್ ಬದಲಿಸುವುದನ್ನು ಎದುರಿಗೆ ನಿಂತೇ ಮಾಡಿಸಿ, ಹಳೆಯದನ್ನು ಕೇಳಿ ಪಡೆಯಿರಿ.

ಆನ್‌ಲೈನ್‌ನಲ್ಲಿ ನನ್ನದರಂತೆಯೇ ಇರುವ ಕೀ ಕಡಿಮೆ ಬೆಲೆಗೆ ಸಿಗುತ್ತಿದೆ. ತರಿಸಲೇ?

ರೂಪ ಒಂದೇ ಇದ್ದರೆ ಕೀ ಒಂದೇ ಆಗುವುದಿಲ್ಲ. ಹೊರದೇಶದ ಕೀಗಳು ಹಲವು 315 ಮೆಗಾಹರ್ಟ್ಸ್‌ನವು, ನಮ್ಮ 433ರ ಕಾರಿಗೆ ಅವು ಕೇಳಿಸುವುದೇ ಇಲ್ಲ. ಫ್ರೀಕ್ವೆನ್ಸಿ ಸರಿಯಿದ್ದು ಚಿಪ್ ಜಾತಿ ಬೇರೆಯಾದರೂ ನಿಷ್ಪ್ರಯೋಜಕ. ಗುಜರಿಯಲ್ಲಿ ಸಿಗುವ ಬಳಸಿದ ಸ್ಮಾರ್ಟ್ ಕೀಗಳಲ್ಲಿ ಅನೇಕವು ಹಿಂದಿನ ಕಾರಿಗೆ ಬೀಗ ಬಿದ್ದವು, ಮತ್ತೊಂದು ಕಾರಿಗೆ ಕಲಿಸಲು ಬರುವುದಿಲ್ಲ. ಹಳೆಯ ಕೀಯ ಹಲಗೆಯ ಮೇಲಿರುವ ಪಾರ್ಟ್ ನಂಬರನ್ನು ಹೊಂದಿಸಿ ನೋಡಿ, ಕೋಡಿಂಗ್ ಮಾಡುವವರನ್ನು ಮೊದಲೇ ಕೇಳಿ, ಆಮೇಲೆ ತರಿಸಿ. ಖಾಲಿ ಶೆಲ್ ಬೇಕಾಗಿದ್ದರೆ ಮಾತ್ರ ಧೈರ್ಯವಾಗಿ ತರಿಸಿಕೊಳ್ಳಿ.

ಹೊಸ ಕೀ ಶೋರೂಮಿನಲ್ಲಿ ಮಾಡಿಸಲೋ, ಹೊರಗಿನ ಕೀ ಮಾಡುವವರ ಹತ್ತಿರವೋ?

ಕಾರು ಹೊಸದಾದಷ್ಟೂ ಶೋರೂಮಿನ ಕಡೆ ವಾಲುತ್ತೇನೆ, ವಯಸ್ಸಾದ ರಿಮೋಟ್ ಕೀ ಕಾರಿಗೆ ಹೊರಗಿನವರು ಸಾಕು. ಯಂತ್ರವಿರುವ, ಕೆಲಸ ಬಲ್ಲ ಕೀ ಮಾಡುವವರು ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಇದ್ದಾರೆ. ಎಲ್ಲಿಗೆ ಹೋದರೂ ಆರ್‌ಸಿ ಮತ್ತು ನಿಮ್ಮ ಗುರುತಿನ ಚೀಟಿ ಒಯ್ಯಿರಿ. ಕೇಳದೆಯೇ ಕೀ ಮಾಡಿಕೊಡುವವರು ಕಳ್ಳನಿಗೂ ಹಾಗೆಯೇ ಮಾಡಿಕೊಡುತ್ತಾರೆ.

ಎಷ್ಟೇ ಕೀ ಇರಲಿ, ಎಲ್ಲವನ್ನೂ ತೆಗೆದುಕೊಂಡು ಹೋಗಿ. ಹೊಸದನ್ನು ಕಲಿಸುವಾಗ ಹಲವು ಕಾರುಗಳು ಹಳೆಯ ಪಟ್ಟಿಯನ್ನು ಪೂರ್ತಿ ಅಳಿಸುತ್ತವೆ, ಮನೆಯಲ್ಲಿ ಬಿಟ್ಟು ಬಂದ ಕೀ ಅಲ್ಲಿಗೇ ಅಪರಿಚಿತವಾಗುತ್ತದೆ. ಒಂದು ಕೀ ಕೈಯಲ್ಲಿರುವಾಗಲೇ ಎರಡನೆಯದನ್ನು ಮಾಡಿಸುವುದು ಜಾಣತನ. ಇದ್ದ ಒಂದೂ ಕಳೆದರೆ ಕೆಲಸ ಹೆಚ್ಚು, ಖರ್ಚು ಹಲವು ಪಟ್ಟು.

## ಹಳೆಯ ಕಾರು, ಹೊಸ ಮಾಲೀಕರು

ಒಂದೇ ಕೀ ಕೊಟ್ಟು, ಇನ್ನೊಂದು ಕಳೆದಿದೆ ಎಂದರು. ನಂಬಬಹುದೇ?

ನಂಬಿ, ಆದರೆ ಆ ಕೀಯನ್ನು ಕಾರಿನ ನೆನಪಿನಿಂದ ತೆಗೆಸಿ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರೆ ಎಷ್ಟು ಕೀಗಳು ನೋಂದಣಿಯಾಗಿವೆ ಎಂಬುದು ಹಲವು ಕಾರುಗಳಲ್ಲಿ ಕಾಣುತ್ತದೆ. ನಿಮ್ಮ ಕೈಯಲ್ಲಿ ಒಂದು, ಪರದೆಯಲ್ಲಿ ಮೂರು ಎಂದಿದ್ದರೆ ಉಳಿದ ಎರಡನ್ನು ಅಳಿಸಲು ಹೇಳಿ. ಅಳಿಸಿದ ಕೀಯಿಂದ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ, ರಿಮೋಟ್ ಕೆಲಸ ಮಾಡುವುದಿಲ್ಲ. ಆದರೆ ಅದರ ಲೋಹದ ಕೀ ಬಾಗಿಲನ್ನು ತೆರೆಯುತ್ತಲೇ ಇರುತ್ತದೆ. ಅದು ಬೇಡವೆಂದರೆ ಬಾಗಿಲಿನ ಬೀಗವನ್ನೇ ಬದಲಿಸಬೇಕು.

ಹಣದ ಮಾತೂ ಇದೆ. ಕಾರು ಕಳುವಾಗಿ ವಿಮೆ ಕೇಳಿದಾಗ ಕಂಪನಿಯವರು ಎಲ್ಲ ಮೂಲ ಕೀಗಳನ್ನು ಕೇಳುತ್ತಾರೆ. ಒಂದೇ ಇದ್ದರೆ ಎರಡನೆಯದು ಎಲ್ಲಿ ಎಂಬ ಪ್ರಶ್ನೆಗೆ ಕಾಗದದ ಉತ್ತರ ಬೇಕು. ಆದ್ದರಿಂದ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸುವ ದಿನವೇ, ಒಂದು ಕೀ ಮಾತ್ರ ಕೊಟ್ಟಿದ್ದೇನೆ, ಇನ್ನೊಂದು ಕಳೆದಿದೆ ಎಂದು ಮಾರುವವರಿಂದ ಬರೆಸಿಕೊಳ್ಳಿ. ಕೀ ಸಂಖ್ಯೆ ಕೊರೆದಿರುವ ಚಿಕ್ಕ ಬಿಲ್ಲೆ ಇದ್ದರೆ ಅದನ್ನೂ ಕೇಳಿ, ಲೋಹದ ಕೀ ಕತ್ತರಿಸಲು ಅದು ಬೇಕಾಗುತ್ತದೆ. ಎರಡನೇ ಕೀಯ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಲು ಸಂಕೋಚ ಬೇಡ.

ಕಾರು ಮಾರಿದವರು ಫೋನ್ ಮಾಡಿ, ನಿಮ್ಮ ಕಾರು ಗಂಗಾವತಿಯಲ್ಲಿದೆಯಲ್ಲ ಎಂದರು. ಅವರಿಗೆ ಹೇಗೆ ಗೊತ್ತಾಯಿತು?

ಅವರ ಮೊಬೈಲಿನಲ್ಲಿ ನಿಮ್ಮ ಕಾರಿನ ಆ್ಯಪ್ ಇನ್ನೂ ಜೀವಂತವಾಗಿದೆ. 2019ರಲ್ಲಿ ಹ್ಯುಂಡೈ ವೆನ್ಯೂ ಜೊತೆ ಬಂದ ಬ್ಲೂಲಿಂಕ್‌ನಂಥ ವ್ಯವಸ್ಥೆಗಳು ಈಗ ಹಲವು ಕಂಪನಿಗಳ ಕಾರುಗಳಲ್ಲಿವೆ. ಅವುಗಳಿಂದ ಕಾರಿನ ಜಾಗ ನೋಡಬಹುದು, ಬಾಗಿಲು ತೆರೆಯಬಹುದು, ಕೆಲವು ಮಾದರಿಗಳಲ್ಲಿ ಇಂಜಿನ್ನನ್ನೂ ಸ್ಟಾರ್ಟ್ ಮಾಡಬಹುದು. ಎಲ್ಲ ಕೀ ನಿಮ್ಮ ಕೈಯಲ್ಲಿದ್ದರೂ ಕೈಗೆ ಸಿಗದ ಒಂದು ಕೀ ಅವರ ಫೋನಿನಲ್ಲಿ ಉಳಿದಿರುತ್ತದೆ. ಅವರು ಕೆಟ್ಟವರೆಂದಲ್ಲ, ಆ ಫೋನ್ ನಾಳೆ ಯಾರ ಕೈ ಸೇರುತ್ತದೋ ಹೇಳಲಾಗದು. ಅವರ ಎದುರಿಗೇ ಅವರ ಖಾತೆಯಿಂದ ಕಾರನ್ನು ತೆಗೆಸಿ, ನಿಮ್ಮ ಹೆಸರಿಗೆ ನೋಂದಾಯಿಸಿ. ಅವರು ಸಿಗದಿದ್ದರೆ ಆರ್‌ಸಿ ಹಿಡಿದು ಕಂಪನಿಯ ಗ್ರಾಹಕ ಸೇವೆಯವರನ್ನು ಕೇಳಿ.

ಕೀ ಮನೆಯೊಳಗಿದ್ದರೂ ಕಳ್ಳರು ಕಾರು ತೆರೆಯುತ್ತಾರಂತೆ. ನಿಜವೇ?

ಸ್ಮಾರ್ಟ್ ಕೀ ಕಾರುಗಳಲ್ಲಿ ನಿಜ. ಹ್ಯಾಂಡಲ್ ಮುಟ್ಟಿದಾಗ ಕಾರು ಕ್ಷೀಣವಾದ ಕರೆಯೊಂದನ್ನು ಕಳಿಸುತ್ತದೆ, ಹತ್ತಿರವಿರುವ ಕೀ ಉತ್ತರ ಕೊಡುತ್ತದೆ. ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯ ಗೋಡೆಯ ಬಳಿ ಸಾಧನ ಹಿಡಿದು ನಿಂತು ಈ ಕರೆಯನ್ನು ಕೀವರೆಗೆ ದಾಟಿಸಿದರೆ, ಕೀ ಪಕ್ಕದಲ್ಲೇ ಇದೆ ಎಂದು ಕಾರು ಮೋಸಹೋಗುತ್ತದೆ. ಎಣಿಕೆ ಬದಲಾಗುವ ಸಂಕೇತವೂ ಇದನ್ನು ತಡೆಯುವುದಿಲ್ಲ, ಏಕೆಂದರೆ ಇಲ್ಲಿ ಉತ್ತರ ಕೊಡುತ್ತಿರುವುದು ಅಸಲಿ ಕೀಯೇ.

ಸಂಕೇತ ತಡೆಯುವ ಚೀಲಗಳು ಸಿಗುತ್ತವೆ. ಬಿಗಿಯಾಗಿ ಮುಚ್ಚುವ ಲೋಹದ ಡಬ್ಬಿಯೂ ಆದೀತು, ಆದರೆ ಪರೀಕ್ಷಿಸದೆ ನಂಬಬೇಡಿ. ಕೀಯನ್ನು ಅದರೊಳಗಿಟ್ಟು ಕಾರಿನ ಪಕ್ಕ ನಿಂತು ಹ್ಯಾಂಡಲ್ ಮುಟ್ಟಿ, ಬಾಗಿಲು ತೆರೆದರೆ ಆ ಡಬ್ಬಿ ಪ್ರಯೋಜನವಿಲ್ಲ. ಚೀಲದ ಒಳಪದರ ಸವೆಯುವುದರಿಂದ ಆಗಾಗ ಈ ಪರೀಕ್ಷೆ ಮಾಡುತ್ತಿರಿ. ಅಲುಗಾಡದೆ ಇದ್ದರೆ ತಾನೇ ನಿದ್ರೆಗೆ ಜಾರುವ ಕೀಗಳೂ ಬಂದಿವೆ. ಕೆಲವು ಕಾರುಗಳಲ್ಲಿ ಹ್ಯಾಂಡಲ್‌ನಿಂದ ತೆರೆಯುವ ಸೌಲಭ್ಯವನ್ನೇ ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು. ಗಾಡಿಯನ್ನು ರಾತ್ರಿ ರಸ್ತೆಯಲ್ಲೇ ನಿಲ್ಲಿಸುವವರಾದರೆ ಅದನ್ನು ನಿಲ್ಲಿಸಿ, ಸ್ಟೇರಿಂಗ್‌ಗೆ ಹಾಕುವ ಕಬ್ಬಿಣದ ಬೀಗವೊಂದನ್ನು ಕೊಳ್ಳಿ.